ಆಪಾ ಬರೆಸಿದ ಕಾಮೆಂಟು

ಮಾಗಡಿಯಿಂದ ಆಪಾ ತೀರಿಕೊಂಡ ಸುದ್ದಿ ಬಂದಾಗ ನಾನು ಒಂದು ವಿದೇಶಿ ಧಾರಾವಾಹಿಯ ಬಗ್ಗೆ ನಮ್ಮೂರಿನ ವಾರಪತ್ರಿಕೆಗೆ ಲೇಖನ ಬರೆಯುತ್ತಿದ್ದೆ. ಮೂರು ಕಂತು ನೋಡಿದ್ದೆ. ಹದಿನೇಳು ಬಾಕಿ ಇದ್ದವು. ಲೇಖನ ಮಾತ್ರ ಮುಗಿಯುತ್ತ ಬಂದಿತ್ತು. ಇದು ನನ್ನ ಹಳೆಯ ಚಾಳಿ. ಪೂರ್ತಿ ನೋಡಿದರೆ ಅಭಿಪ್ರಾಯ ಕೆಟ್ಟುಹೋದೀತೆಂಬ ಭಯವೋ ಏನೋ, ಅರ್ಧ ನೋಡಿ ಪೂರ್ತಿ ಬರೆಯುವುದು ಅಭ್ಯಾಸವಾಗಿಬಿಟ್ಟಿದೆ. ಇದನ್ನು ನನ್ನ ಮುಖಕ್ಕೇ ಹೇಳಿದವರು ಇಬ್ಬರು. ಒಬ್ಬಳು ನನ್ನ ಹೆಂಡತಿ. ಅವಳು ಹೇಳಿದ್ದನ್ನು ನಾನು ವಿಮರ್ಶೆಯ ಲೆಕ್ಕಕ್ಕೆ ಸೇರಿಸಿಕೊಂಡವನಲ್ಲ. ಇನ್ನೊಬ್ಬರು ಆಪಾ.

ಆಪಾ ಅಂದರೆ ಅಕ್ಕ. ರಾಮನಗರದ ನಮ್ಮ ಬೀದಿಯಲ್ಲಿ ಹಿಂದೂಗಳು, ಮುಸ್ಲಿಮರು, ಅವರಿಗಿಂತ ಹಿರಿಯರು, ಅವರ ಮೊಮ್ಮಕ್ಕಳ ವಯಸ್ಸಿನವರು, ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ. "ಪೇಪರ್‌ನಾಗೆ ನನ್ ಹೆಸ್ರು ಬಂದ್ರೆ ನಿಮ್ಮನೆ ಗೇಟ್ ಮುಂದೆ ಬಂದು ಜಗಳ ಆಡ್ತೀನಿ ಮೇಷ್ಟ್ರೆ" ಎಂದು ಅವರು ಒಮ್ಮೆ ಹೇಳಿದ್ದರು. ಈಗ ಜಗಳಕ್ಕೆ ಬರಲಾರರು ಅನ್ನುವ ಕಾರಣಕ್ಕೆ ಮಾತು ತಪ್ಪುವುದು ಸರಿಯಲ್ಲ.

ಅವರದು ರೇಷ್ಮೆ ನೂಲು ಬಿಚ್ಚುವ ಮನೆತನ. ನಮ್ಮ ಹಿತ್ತಿಲ ಗೋಡೆಯ ಆಚೆ ಅವರ ಶೆಡ್ಡು. ಬಿಸಿನೀರಿನ ಬೇಸಿನ್ನಿನ ಮುಂದೆ ಕೂತು, ನೀರಲ್ಲಿ ಕುಣಿಯುವ ಗೂಡುಗಳಿಂದ ಎಳೆಯ ತುದಿ ಹುಡುಕಿ, ನಾಲ್ಕಾರು ಎಳೆ ಸೇರಿಸಿ ಚರಕಕ್ಕೆ ಕೊಡುವ ಕೆಲಸ. ಗಂಡ ಸತ್ತ ಮೇಲೆ ಶೆಡ್ಡನ್ನು ಅವರೇ ನಡೆಸಿದರು. ಬೆಂದ ಹುಳದ ವಾಸನೆ ಗೋಡೆ ದಾಟಿ ಬರುತ್ತಿತ್ತು. ಆ ಮನೆಗೆ ಬಂದ ಮೊದಲ ವಾರ ನನ್ನ ಹೆಂಡತಿ ಬೇರೆ ಮನೆ ನೋಡೋಣ ಅಂದಳು. ನಾನು ಶ್ರಮಜೀವಿಗಳ ಬೆವರಿನ ಬಗ್ಗೆ ಹದಿನೈದು ನಿಮಿಷ ಮಾತಾಡಿದೆ, ಮೂಗಿಗೆ ಟವೆಲ್ ಕಟ್ಟಿಕೊಂಡು. ಅವಳು ಮಾತಿಗೆ ಒಪ್ಪಿದಳೋ ಟವೆಲ್ ನೋಡಿ ನಕ್ಕು ಸುಮ್ಮನಾದಳೋ ಗೊತ್ತಿಲ್ಲ, ಉಳಿದುಕೊಂಡೆವು.

ಮೂವತ್ತು ನಲವತ್ತು ವರ್ಷ ಬಿಸಿನೀರಲ್ಲಿ ಆಡಿದ ಅವರ ಬೆರಳುಗಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಮೊಬೈಲ್ ಅವರ ಬೆರಳನ್ನು ಗುರುತಿಸುತ್ತಿರಲಿಲ್ಲ. ರೇಷನ್ ಅಂಗಡಿಯ ಮಿಷನ್ನೂ ಅಷ್ಟೆ. "ನಾನು ಇದೀನಿ ಅಂತ ಮಿಷನ್ ಒಪ್ತಾ ಇಲ್ಲ, ನೀವಾದ್ರೂ ಒಪ್ಕೊಳಿ" ಎಂದು ಅಂಗಡಿಯವನಿಗೆ ಹೇಳುತ್ತಿದ್ದರಂತೆ. ಸುಮ್ಮನೆ ಕೂತಾಗಲೂ ಹೆಬ್ಬೆಟ್ಟು ತೋರುಬೆರಳು ಒಂದಕ್ಕೊಂದು ಉಜ್ಜುತ್ತಿದ್ದವು, ಗಾಳಿಯಲ್ಲಿ ಎಳೆ ಹುಡುಕುವ ಹಾಗೆ. ಯಾರಾದರೂ ಉದ್ದುದ್ದ ಮಾತಾಡಿದರೆ "ಎಳೆ ಎಲ್ಲೈತೆ?" ಎಂದು ಕೇಳುತ್ತಿದ್ದರು. ನನ್ನನ್ನು ಅವರು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ ಇರಬೇಕು.

ನಮ್ಮಿಬ್ಬರ ಸ್ನೇಹಕ್ಕೆ ಕಾರಣವಾದದ್ದು ಒಂದು ನಾಟಕ. ಧಾರಾವಾಹಿಗೆ ಆಪಾ ಹೇಳುತ್ತಿದ್ದದ್ದು ನಾಟಕ ಎಂದೇ. ವಿದೇಶದ್ದು, ನಲವತ್ತು ಕಂತಿನದು. ಸಮುದ್ರದ ದಂಡೆಯ ಒಂದು ಊರು. ಅಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, ತಿಳಿದವನು, ಶಾಂತ ಮನುಷ್ಯ. ಅವನ ಮಗಳು ವಾದ್ಯಗಳ ಅಂಗಡಿಯ ಒಬ್ಬ ಹುಡುಗನನ್ನು ಪ್ರೀತಿಸುತ್ತಾಳೆ. ಹುಡುಗ ಅವರ ಧರ್ಮದವನಲ್ಲ. ಮೇಷ್ಟ್ರ ಮಗ ಒಬ್ಬ ಕಠೋರ ಪ್ರವಚನಕಾರನ ಗುಂಪಿಗೆ ಸೇರಿ, ದಿನದಿಂದ ದಿನಕ್ಕೆ ಗಟ್ಟಿಯಾಗುತ್ತ ಹೋಗುತ್ತಾನೆ. ಒಂದು ಮನೆಯೊಳಗೇ ದೇವರ ಮೇಲಿನ ನಂಬಿಕೆ, ಪ್ರೀತಿ, ದ್ವೇಷ ಮೂರೂ ಒಟ್ಟಿಗೆ ಊಟಕ್ಕೆ ಕೂರುವ ಕತೆ. ಈ ಕೊನೆಯ ವಾಕ್ಯ ನನ್ನ ಲೇಖನದ್ದು. ನನಗೆ ಬಹಳ ಹಿಡಿಸಿದ್ದರಿಂದ ಮತ್ತೆ ಬಳಸಿದ್ದೇನೆ.

ಆಪಾ ಅದನ್ನು ಉರ್ದು ಡಬ್ಬಿಂಗ್‌ನಲ್ಲಿ ನೋಡುತ್ತಿದ್ದರು. ಮೊಬೈಲನ್ನು ಹಾಲಿನ ಖಾಲಿ ಪ್ಯಾಕೆಟ್‌ನೊಳಗೆ ಇಟ್ಟು, ಹಬೆ ತಾಗದ ಹಾಗೆ ಬೇಸಿನ್ನಿನ ಮೇಲಿನ ಮೊಳೆಗೆ ತೂಗುಹಾಕುತ್ತಿದ್ದರು. ನಾನು ಇಂಗ್ಲಿಷ್ ಅಕ್ಷರಗಳನ್ನು ಓದಿಕೊಂಡು ನೋಡುತ್ತಿದ್ದೆ, ಅದೂ ಬೇಗ ಮುಗಿಯಲೆಂದು ಓಡಿಸಿಕೊಂಡು. ಹೀಗಾಗಿ ನನ್ನ ನಾಟಕದಲ್ಲಿ ಎಲ್ಲರೂ ಅವಸರದಲ್ಲಿ ಪ್ರೀತಿಸಿ ಅವಸರದಲ್ಲಿ ಅಳುತ್ತಿದ್ದರು. ಇಬ್ಬರೂ ನೋಡಿದ್ದು ಒಂದೇ ನಾಟಕ ಎಂದು ಗೊತ್ತಾಗಲು ಕೆಲವು ದಿನ ಹಿಡಿಯಿತು.

ಗೊತ್ತಾದ ದಿನ ಆಪಾ ಗೋಡೆಯ ಮೇಲಿಂದ ಮೊಬೈಲ್ ಚಾಚಿ, "ಇದರ ಕೆಳಗೆ ಏನೋ ಬರೀತಾರಲ್ಲ ಮೇಷ್ಟ್ರೆ, ಏನದು?" ಎಂದು ಕೇಳಿದರು.

"ನೋಡಿದವರು ಅಭಿಪ್ರಾಯ ಬರೀತಾರೆ ಆಪಾ."

"ಯಾರಿಗೆ?"

"ಯಾರಿಗೂ ಅಲ್ಲ. ಎಲ್ಲರಿಗೂ."

"ಓದಿ ಒಸಿ."

ಅಂದಿನಿಂದ ದಿನಾ ಸಂಜೆ ಐದೂವರೆಗೆ, ಶಾಲೆಯಿಂದ ನಾನು ಬಂದ ಮೇಲೆ, ಗೋಡೆಯ ಆಚೆ ಈಚೆ ನಿಂತು ಕಾಮೆಂಟು ಓದುವ ಕಾರ್ಯಕ್ರಮ. ಆಗ ನಾನು ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ದಿನವಿಡೀ ಮಕ್ಕಳು ನನ್ನ ಮಾತು ಕೇಳದಿದ್ದರೂ ಸಂಜೆಗೆ ಒಬ್ಬ ಶ್ರೋತೃ ಸಿಕ್ಕಿದ್ದು ದೊಡ್ಡ ಸಮಾಧಾನವಾಗಿತ್ತು. ಜಗತ್ತಿನ ಎಲ್ಲೆಲ್ಲಿಯವರೋ ಬರೆದಿರುತ್ತಿದ್ದರು. ಒಬ್ಬರು ಈ ನಾಟಕ ಧರ್ಮಕ್ಕೆ ಅವಮಾನ ಅಂದರೆ, ಇನ್ನೊಬ್ಬರು ಇದೇ ನಿಜವಾದ ಧರ್ಮ ಅನ್ನುತ್ತಿದ್ದರು. ಮಗಳು ಮನೆ ಬಿಟ್ಟು ಹೋಗಲಿ ಎಂದು ಕೆಲವರು, ಹೋದರೆ ನಾಟಕ ನೋಡುವುದನ್ನೇ ಬಿಡುತ್ತೇವೆಂದು ಕೆಲವರು. ನಾನು ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದೆ. ಆಪಾ ಒಬ್ಬೊಬ್ಬರಿಗೂ ಗೋಡೆಯ ಆಚೆಯಿಂದಲೇ ಉತ್ತರ ಕೊಡುತ್ತಿದ್ದರು.

"ಯಾರದು ಹಂಗಂದಿದ್ದು? ಗಂಡಸಾ ಹೆಂಗಸಾ?"

"ಗೊತ್ತಾಗಲ್ಲ ಆಪಾ. ಹೂವಿನ ಚಿತ್ರ ಹಾಕಿಕೊಂಡಿದ್ದಾರೆ."

"ಗಂಡಸೇ ಬುಡಿ. ಹೆಂಗಸಾಗಿದ್ರೆ ಆ ತಾಯಿ ಅಡಿಗೆಮನೇಲಿ ಅತ್ತಿದ್ದನ್ನ ಬರೀತಿದ್ಲು."

ಅವರ ಅಭಿಪ್ರಾಯಗಳಿಗೆ ಒಂದು ದಿಕ್ಕು ಇರಲಿಲ್ಲ. ನಾಯಕಿಯ ಬಗ್ಗೆ ಅವರಿಗೆ ಕರುಣೆ ಇತ್ತು, ಆದರೆ ಅವಳು ಅತ್ತೆಯ ಮಗನನ್ನೇ ಮದುವೆಯಾಗಲಿ ಅನ್ನುತ್ತಿದ್ದರು. ವಾದ್ಯದಂಗಡಿಯ ಹುಡುಗ ಒಳ್ಳೆಯವನೆಂದು ಒಪ್ಪುತ್ತಿದ್ದರು, ಆದರೆ ಒಂದು ಕಂತಿನಲ್ಲಾದರೂ ಅವನು ಸರಿಯಾಗಿ ಊಟ ಮಾಡಿದ್ದನ್ನು ತೋರಿಸಿಲ್ಲ, ಅಂಥವನನ್ನು ನಂಬುವುದು ಹೇಗೆ ಎಂದು ತಕರಾರು. ಪ್ರವಚನಕಾರ ತೆರೆಯ ಮೇಲೆ ಬಂದ ಕೂಡಲೇ ಮೊಬೈಲನ್ನು ಗೋಡೆಯ ಕಡೆ ತಿರುಗಿಸಿ ಧ್ವನಿ ಮಾತ್ರ ಕೇಳುತ್ತಿದ್ದರು. "ದೇವ್ರ ಹೆಸ್ರು ಅವ್ನ ಬಾಯಲ್ಲಿ ಬಂದ್ರೂ ದೇವ್ರದ್ದೇ ಅಲ್ವಾ, ಕಿವಿ ಮುಚ್ಕೊಳಕ್ಕಾಗಲ್ಲ. ಮುಖ ನೋಡೋದು ಬೇಡ" ಎಂಬುದು ಅವರ ವ್ಯವಸ್ಥೆ.

ಕ್ರಮೇಣ ತಮ್ಮ ಅಭಿಪ್ರಾಯವನ್ನೂ ಬರೆಯಲು ಹೇಳತೊಡಗಿದರು. ಅವರು ಹೇಳುವುದು, ನಾನು ಇಂಗ್ಲಿಷಿನಲ್ಲಿ ಒತ್ತುವುದು. ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯಲು ನನ್ನೊಳಗಿನ ಸಾಹಿತಿ ಬಿಡುತ್ತಿರಲಿಲ್ಲ. ಒಂದು ಕಂತಿನಲ್ಲಿ ಮಗ ತಂಗಿಯ ಸಿತಾರಿನಂಥ ವಾದ್ಯವನ್ನು ಮುರಿದ. ಆಪಾ, "ಅವ್ನಿಗೆ ಎರಡು ಬುಟ್ಟು, ಆಮೇಲೆ ಪಕ್ಕದಲ್ಲಿ ಕೂರಿಸ್ಕೊಂಡು ಕೇಳ್ಬೇಕು, ಅಂತ ಬರೀರಿ" ಅಂದರು. ನಾನು ಬರೆದದ್ದು, ಯುವಜನತೆಯ ನೈತಿಕ ತುಮುಲಕ್ಕೆ ದಂಡನೆ ಮತ್ತು ಸಂವಾದಗಳ ಸಮನ್ವಯವೇ ಪರಿಹಾರ ಎಂಬ ಅರ್ಥದ ಆರು ಸಾಲು.

ಮಾಗಡಿಗೆ ಮದುವೆಯಾಗಿ ಹೋಗಿದ್ದ ಅವರ ಮಗಳು ಹಬ್ಬಕ್ಕೆ ಬಂದಾಗ ಗುಟ್ಟು ಬಯಲಾಯಿತು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಯಾರೋ ಆಪಾರ ಕಾಮೆಂಟಿಗೆ "ನೀವು ಯಾವ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತೀರಿ ಪ್ರೊಫೆಸರ್" ಎಂದು ಕೇಳಿದ್ದರು. ಆಪಾ ಅಂದು ಗೋಡೆಯ ಹತ್ತಿರ ಬರಲಿಲ್ಲ, ಗೇಟಿನ ಕಡೆಯಿಂದ ಬಂದರು.

"ಮೇಷ್ಟ್ರೆ, ನಾನು ಎರಡು ಬುಡಿ ಅಂದೆ. ನೀವು ಯಾಕೆ ಬುಡ್ಲಿಲ್ಲ?"

ನಾನು ಭಾಷೆಯ ಅಂತಸ್ತು, ಓದುಗರ ಮಟ್ಟ ಎಂದೆಲ್ಲ ತಡವರಿಸಿದೆ. ಅವರ ಬೆರಳುಗಳು ಉಜ್ಜಲು ಶುರುಮಾಡಿದ್ದನ್ನು ನೋಡಿ ನಿಲ್ಲಿಸಿದೆ. "ಇನ್ಮೇಲೆ ನಾನು ಹೇಳಿದ್ದೇ ಬರೀಬೇಕು" ಎಂದು ಕರಾರು ಮಾಡಿಸಿಕೊಂಡು ಹೋದರು. ನಾನು ಒಪ್ಪಿದೆ. ಒಪ್ಪಿದ ಮೇಲೂ ಒಂದು ಸಲ ತಪ್ಪಿದೆ, ಅದೇ ಈಗ ಹೇಳಬೇಕಾದದ್ದು.

ನಾನು ಆ ನಾಟಕದ ಬಗ್ಗೆ ವಾರಪತ್ರಿಕೆಯಲ್ಲಿ ಒಂದು ಪುಟದ ಲೇಖನ ಬರೆದಿದ್ದೆ. ಆರು ಕಂತು ನೋಡಿ. ಅದರಲ್ಲಿ ಆ ಅಪ್ಪನ ಪಾತ್ರವನ್ನು ಬಹಳ ಎತ್ತಿ ಹಿಡಿದಿದ್ದೆ. ಕತ್ತಲ ಮನೆಯಲ್ಲಿ ವಿವೇಕದ ಏಕೈಕ ದೀಪ ಎಂದು ಶೀರ್ಷಿಕೆಯನ್ನೇ ಕೊಟ್ಟಿದ್ದೆ. ಅವನು ಪ್ರತಿ ಕಂತಿನಲ್ಲೂ ಪೇಪರು ಮಡಿಸಿ, ಕನ್ನಡಕ ತೆಗೆದು, ಸಹನೆಯ ಬಗ್ಗೆ ನಾಲ್ಕು ಮಾತಾಡುತ್ತಿದ್ದ. ಅವನೂ ಮೇಷ್ಟ್ರು, ನಾನೂ ಮೇಷ್ಟ್ರು ಎಂಬುದಕ್ಕೂ ನನ್ನ ಮೆಚ್ಚುಗೆಗೂ ಸಂಬಂಧವಿಲ್ಲ ಎಂದು ನಾನು ನಂಬಿದ್ದೆ. ಆದರೆ ಒಂದು ಬೆಳಿಗ್ಗೆ ಹೆಂಡತಿ, "ಏನ್ರೀ ಇದು, ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅನ್ನೋಕೂ ಕನ್ನಡಕ ತೆಗೀತೀರಲ್ಲ" ಅಂದಳು.

ಲೇಖನವನ್ನು ಆಪಾಗೆ ನಾನೇ ಓದಿ ಹೇಳಿದೆ. ಅವರು ಬೇಸಿನ್ನಿನಿಂದ ಕೈ ತೆಗೆಯದೆ ಕೇಳಿದರು. ಕೊನೆಗೆ, "ಆ ಅಪ್ಪನೇ ಸರಿ ಇಲ್ಲ" ಅಂದರು.

"ಅವನೊಬ್ಬನೇ ಸರಿ ಇರೋದು ಆಪಾ."

"ಅವ್ನಿಗೆ ದುನಿಯಾದ್ದೆಲ್ಲ ಗೊತ್ತು. ಮಗ ಮನೇಲಿ ಉಣ್ಣೋದು ಯಾವಾಗ ಬುಟ್ಟ ಅಂತ ಗೊತ್ತಿಲ್ಲ. ನನ್ ಕಾಮೆಂಟ್ ಬರ್ಕೊಳಿ ಮೇಷ್ಟ್ರೆ." ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದರು. "ಈ ಅಪ್ಪ ಎಲ್ರಿಗೂ ಬುದ್ಧಿ ಹೇಳ್ತಾನೆ. ಅವ್ನ ಮಗ ಪಕ್ಕದ ಮನೆಯೋರ ಜೊತೆ ಮಾತು ಬುಟ್ಟು ನಾಲ್ಕು ತಿಂಗ್ಳಾಯ್ತು. ದಾರೀಲಿ ಸಿಕ್ರೆ ಮುಖ ತಿರುಗಿಸ್ಕೊಂಡು ಹೋಯ್ತಾನೆ. ಅಪ್ಪನಿಗೆ ಇದು ಕಾಣ್ಸಿಲ್ಲ. ಯಾರಾದ್ರೂ ಹೇಳಿ ಅವ್ನಿಗೆ."

ನಾನು ಬರೆಯುವುದನ್ನು ನಿಲ್ಲಿಸಿದೆ. "ಆಪಾ, ನಾಟಕದಲ್ಲಿ ಪಕ್ಕದ ಮನೆಯವರೇ ಇಲ್ಲವಲ್ಲ. ಅವರ ಮನೆ ಗುಡ್ಡದ ಮೇಲೆ ಒಂಟಿಯಾಗಿದೆ."

"ಬರೀರಿ ಮೇಷ್ಟ್ರೆ."

ಅವರಿಗೆ ಬೇರೆ ಯಾವುದೋ ಧಾರಾವಾಹಿ ಕಲಸಿಹೋಗಿದೆ ಎಂದುಕೊಂಡೆ. ಜಗತ್ತಿನ ಮುಂದೆ ಅವರ ಮರ್ಯಾದೆ ಉಳಿಸುವುದು ನನ್ನ ಕರ್ತವ್ಯ ಎಂದು ಪಕ್ಕದ ಮನೆಯ ಮಾತನ್ನು ಪೂರ್ತಿ ಕೈಬಿಟ್ಟು, ತಂದೆಯ ಪಾತ್ರದಲ್ಲಿ ಕೆಲವು ಸೂಕ್ಷ್ಮ ಕೊರತೆಗಳಿವೆ ಎಂದು ಒಂದೇ ಸಾಲು ಹಾಕಿದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಪದ್ಯದ ಭಾವಾರ್ಥ ಬರೆಸಿದವನು ನಾನು.

ಆಗ ನನ್ನ ಮಗನಿಗೆ ಇಪ್ಪತ್ತಮೂರು. ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ವಾರಕ್ಕೊಂದು ಶಿಫ್ಟು. ಚಿಕ್ಕಂದಿನಲ್ಲಿ ಅವನು ನಮ್ಮ ಮನೆಗಿಂತ ಆಪಾರ ಶೆಡ್ಡಿನಲ್ಲೇ ಹೆಚ್ಚು ಇದ್ದವನು. ಆ ವರ್ಷದ ರಂಜಾನಿಗೆ ಅವರ ಮನೆಯಿಂದ ಬಂದ ಶೀರ್ ಕುರ್ಮಾ ಪಾಯಸವನ್ನು ಅವನು ಮುಟ್ಟಿರಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದಿದ್ದನಂತೆ. ಹೊಸ ಗೆಳೆಯರು ಬೈಕಿನಲ್ಲಿ ಬಂದು ಹಾರನ್ ಮಾಡಿದರೆ ಊಟ ಬಿಟ್ಟು ಏಳುತ್ತಿದ್ದನಂತೆ. ಇದೆಲ್ಲ 'ಅಂತೆ' ಏಕೆಂದರೆ ನನಗೆ ಗೊತ್ತಾದದ್ದು ಆಮೇಲೆ, ಹೆಂಡತಿ ಹೇಳಿ. "ಆವತ್ತೇ ಹೇಳಿದ್ನಲ್ರೀ, ನೀವು ಕಿವಿಗೆ ವೈರ್ ಸಿಕ್ಕಿಸ್ಕೊಂಡು ಆ ಮನೆ ಮಗ ಹಾಳಾಗೋದನ್ನ ನೋಡ್ತಾ ಇದ್ರಿ" ಅಂದಳು.

ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಆಪಾ ಗೇಟು ತೆಗೆದು ಸೀದಾ ಒಳಗೆ ಬಂದರು. ತಲೆಯ ಮೇಲಿನ ಸೆರಗು ಸರಿಯಾಗಿರಲಿಲ್ಲ, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಮೊಬೈಲ್ ಎತ್ತಿಕೊಂಡೆ, ಹೊಸ ಕಂತು ಬಂದಿದೆ ಅಂದೆ.

"ಇವತ್ತು ನಾಟಕದ ಮಾತಲ್ಲ ಮೇಷ್ಟ್ರೆ" ಅಂದರು.

ಅವರ ಅಣ್ಣನ ಮಗ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವನು, ಲೇಥಿನ ಮೇಲೆ ಮರ ತಿರುಗಿಸಿ ಬಣ್ಣ ಕೊಡುವ ಕೆಲಸ. ಅಲ್ಲಿಯ ಒಂದು ಬಟ್ಟೆ ಅಂಗಡಿಯಲ್ಲಿದ್ದ ಹುಡುಗಿಯನ್ನು ಇಷ್ಟಪಟ್ಟಿದ್ದ. ಹುಡುಗಿ ಪಕ್ಕದ ಹಳ್ಳಿಯವಳು, ಬೇಸಾಯದ ಮನೆಯವಳು, ಹಿಂದೂ. ಅವತ್ತು ಇಬ್ಬರೂ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಸಿಗುವವರಿದ್ದರು. ಅವನನ್ನು ಹಿಡಿದು ಬಾರಿಸಲು ಕೆಲವು ಹುಡುಗರು ಕಾದಿದ್ದಾರೆಂದು ಆಪಾಗೆ ಫೋನ್ ಬಂದಿತ್ತು. ಅವನಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ.

"ಪೊಲೀಸ್‌ಗೆ ಹೇಳಬೇಕು ಆಪಾ" ಅಂದೆ.

"ಹೇಳ್ಬೋದಿತ್ತು. ನಿಮ್ ಮಗನೂ ಅಲ್ಲಿ ಅವ್ನೆ ಅಂತ ಗೊತ್ತಾಯ್ತು. ಹೆಸ್ರು ಬರ್ಕೊಂಡ್ರೆ ಅವ್ನ ಕೆಲ್ಸ ಹೋಯ್ತದೆ. ಅದ್ಕೆ ಮೊದ್ಲು ಇಲ್ಲಿಗೆ ಬಂದೆ."

"ನನ್ನ ಮಗ ಅಂಥವನಲ್ಲ" ಅಂದೆ. ನನಗೆ ಅರಿವಿಲ್ಲದೆ ಕೈ ಕನ್ನಡಕಕ್ಕೆ ಹೋಗಿತ್ತು.

ಆಪಾ ನನ್ನ ಕೈಯನ್ನೇ ನೋಡಿದರು. "ಆ ಅಪ್ಪನೂ ಹಂಗೇ ಅಂದ, ಎಂಟನೇ ಕಂತಲ್ಲಿ" ಅಂದರು. ನಾನು ನೋಡಿದ್ದು ಆರು.

ಒಳಗಿಂದ ಹೆಂಡತಿ ಸ್ಕೂಟರಿನ ಕೀ ತಂದು ನನ್ನ ಕೈಗೆ ಕೊಟ್ಟಳು. ಅವಳಿಗೆ ಆಶ್ಚರ್ಯವಾಗಿಲ್ಲ ಎಂಬುದು ಆಗ ತಿಳಿಯಿತು.

ಆಪಾ ನನ್ನ ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತು, ದಾರಿಯುದ್ದಕ್ಕೂ ಎರಡೇ ಮಾತಾಡಿದರು. "ಒಸಿ ಜೋರಾಗಿ" ಎಂದು ಎರಡು ಸಲ. ನಾನು ಹೆದ್ದಾರಿಯ ಗಾಳಿಯಲ್ಲಿ ಭಾಷಣ ಸಿದ್ಧಮಾಡಿಕೊಳ್ಳುತ್ತಿದ್ದೆ. ಮಗನಿಗೆ ಏನು ಹೇಳಬೇಕೆಂದು ಯೋಚಿಸಿದರೆ ನಾಡು, ಪರಂಪರೆ, ಸಾಮರಸ್ಯ ಎಂಬ ಮಾತುಗಳೇ ಬರುತ್ತಿದ್ದವು. ಅವನ ಬಗ್ಗೆ ಒಂದು ಮಾತೂ ಬರುತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಟೀ ಅಂಗಡಿಯ ಪಕ್ಕ ಮೂರು ಬೈಕು, ಆರು ಹುಡುಗರು. ಗೋಡೆಗೆ ಎರಡು ದೊಣ್ಣೆ ಒರಗಿಸಿದ್ದವು. ನನ್ನ ಮಗ ತನ್ನ ಬೈಕಿನ ಮೇಲೆ ಕೂತಿದ್ದ. ರಾತ್ರಿ ಪಾಳಿ ಮುಗಿಸಿ ಕಾರ್ಖಾನೆಯ ಶರ್ಟಿನಲ್ಲೇ ಬಂದಿದ್ದ. ನಮ್ಮನ್ನು ನೋಡಿ ಅವನ ಮುಖ ಕಪ್ಪಿಟ್ಟಿತು.

ನಾನು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಅವರ ಮುಂದೆ ನಿಂತು, ಕನ್ನಡಕ ತೆಗೆದೆ. "ನೋಡ್ರಪ್ಪ, ಈ ನಾಡಿನ ಪರಂಪರೆ ಏನಂದ್ರೆ" ಎಂದು ಶುರುಮಾಡಿದೆ. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಒಬ್ಬ ಹುಡುಗ, "ಸಾರ್, ಇದು ಎಕ್ಸಾಮ್‌ಗೆ ಬತ್ತದಾ?" ಅಂದ. ಗುರುತು ಹಿಡಿದೆ. ನನ್ನ ಶಿಷ್ಯನೇ, ಕನ್ನಡದಲ್ಲಿ ಎಪ್ಪತ್ತೆಂಟು ತೆಗೆದಿದ್ದವನು. ಇನ್ನೊಬ್ಬ ಮೊಬೈಲ್ ತೆಗೆದು ನನ್ನ ವಿಡಿಯೋ ಮಾಡತೊಡಗಿದ. ಕನ್ನಡಕವಿಲ್ಲದೆ ನನಗೆ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಮಗನ ಧ್ವನಿ ಮಾತ್ರ ಕೇಳಿಸಿತು.

"ಅಪ್ಪ, ಮನೆಗೆ ಹೋಗು."

ಕನ್ನಡಕ ಹಾಕಿಕೊಂಡೆ.

ಅಷ್ಟರಲ್ಲಿ ಆಪಾ ಮಗನ ಬೈಕಿನ ಹತ್ತಿರ ಹೋಗಿ, ಹ್ಯಾಂಡಲ್ ಹಿಡಿದುಕೊಂಡು, ಮೆಲ್ಲಗೆ ಅದರ ಮುಂದಿನ ಚಕ್ರದ ಎದುರೇ ನೆಲದ ಮೇಲೆ ಕೂತರು. ಯಾರ ಮುಖವನ್ನೂ ನೋಡದೆ ಮಾತಾಡಿದರು.

"ನಮ್ ಅಣ್ಣನ ಮಗ ಇಲ್ಲಿಗೆ ಬತ್ತಾನೆ. ನಂಗೂ ಅವ್ನ ಮೇಲೆ ಸಿಟ್ಟೈತೆ. ಈ ಸಂಬಂಧ ನಂಗೆ ಒಪ್ಪಿಗೆ ಇಲ್ಲ. ಆ ಹುಡ್ಗಿ ಮನೆಯೋರ್ಗೂ ಇರಾಕಿಲ್ಲ. ಬರ್ಲಿ, ಬೈತೀನಿ. ಬೈಯೋದು ನನ್ ಕೆಲ್ಸ. ಹೊಡಿಯೋದು ಯಾರ್ ಕೆಲ್ಸಾನೂ ಅಲ್ಲ." ಆಮೇಲೆ ನನ್ನ ಮಗನ ಕಡೆ ತಿರುಗಿ, "ಬೆಳಿಗ್ಗೆಯಿಂದ ಏನ್ ತಿಂದಿದೀಯ?" ಅಂದರು.

ಅವನು ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡ.

"ಕಣ್ಣು ನೋಡು ಹೆಂಗಾಗೈತೆ."

ವಿಡಿಯೋ ಮಾಡುತ್ತಿದ್ದವನು ಕೇಳಿದ. "ಯಾರ್ಲಾ ಮಗಾ ಈ ಅಜ್ಜಿ? ನಿಂಗ್ ಗೊತ್ತಾ?"

ಟೀ ಅಂಗಡಿಯವನು ಪಾತ್ರೆಯಲ್ಲಿ ಚಮಚ ಆಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದ. ಆ ಕ್ಷಣದಲ್ಲಿ ಮಗ ಗೊತ್ತಿಲ್ಲ ಅನ್ನುತ್ತಾನೆಂದು ನಾನು ಭಾವಿಸಿದೆ. ನಿಜ ಹೇಳಬೇಕೆಂದರೆ, ಅವನು ಏನು ಹೇಳುವವನೆಂದು ಊಹಿಸುವಷ್ಟೂ ಅವನ ಪರಿಚಯ ನನಗೆ ಉಳಿದಿರಲಿಲ್ಲ.

"ನಮ್ ಪಕ್ಕದ್ ಮನೆಯೋರು ಕಣ್ಲಾ" ಅಂದ. "ವಿಡಿಯೋ ನಿಲ್ಸು."

"ಏನ್ಲಾ ನೀನು, ಅವ್ರ ಕಡೆನಾ?"

"ನಿಲ್ಸು ಅಂದ್ನಲ್ಲ."

ಅವನು ಬೈಕಿನಿಂದ ಇಳಿದ. "ಏಳಿ ಆಪಾ, ಧೂಳು" ಅಂದ. ಅವರು ಕೈ ಚಾಚಿದರು, ಅವನು ಹಿಡಿದು ಎಬ್ಬಿಸಿದ. ಎದ್ದವರು ಅವನ ಕೈ ಬಿಡಲಿಲ್ಲ. ಅವನೇ ಬಿಡಿಸಿಕೊಂಡು, ಬೈಕು ಹತ್ತಿ ಹೊರಟುಹೋದ. ಅವನು ಹೋದ ಮೇಲೆ ಉಳಿದವರಿಗೆ ಅಲ್ಲಿ ನಿಲ್ಲುವುದು ಕಷ್ಟವಾಯಿತು. ಟೀ ಅಂಗಡಿಯವನು ದೊಣ್ಣೆಗಳನ್ನು ತೆಗೆದು ಒಳಗೆ ಸೌದೆಯ ಜೊತೆ ಇಟ್ಟ. ಶಿಷ್ಯ ನನಗೆ ನಮಸ್ಕಾರ ಮಾಡಿಯೇ ಹೋದ. ಅದು ವ್ಯಂಗ್ಯವೋ ಗೌರವವೋ ಇವತ್ತಿಗೂ ತೀರ್ಮಾನವಾಗಿಲ್ಲ.

ಅಣ್ಣನ ಮಗ ಇಪ್ಪತ್ತು ನಿಮಿಷ ತಡವಾಗಿ, ಹುಡುಗಿಯ ಜೊತೆ ನಗುತ್ತ ಬಂದ. ಆಪಾ ಕೊಟ್ಟ ಮಾತಿನಂತೆ ಅವನನ್ನು ಬೈದರು. ಉರ್ದುವಿನಲ್ಲಿ ಶುರುವಾಗಿ, ಕನ್ನಡಕ್ಕೆ ಬಂದು, ಮತ್ತೆ ಉರ್ದುವಿಗೆ ಹೋಗಿ ಅದು ಎಷ್ಟು ಹೊತ್ತು ನಡೆಯಿತೆಂದರೆ, ಆ ಹುಡುಗಿ ಹೋಗಿ ಒಂದು ಎಳನೀರು ತಂದು ಅವರ ಕೈಗೆ ಕೊಟ್ಟಳು. ಆಪಾ ಕುಡಿದು, ಅವಳನ್ನು ಮೇಲಿಂದ ಕೆಳಗೆ ನೋಡಿ, ಇನ್ನೊಂದಿಷ್ಟು ಬೈದರು.

ಆ ಸಂಬಂಧ ಕೂಡಲಿಲ್ಲ. ಅದಕ್ಕೆ ಧರ್ಮವಾಗಲಿ ನಾವಾಗಲಿ ಕಾರಣವಲ್ಲ. ಅವನು ಬೈಕ್ ಓಡಿಸುವ ರೀತಿ ಸರಿಯಿಲ್ಲ, ಹೇಳಿದರೆ ಕೇಳುವುದಿಲ್ಲ ಎಂದು ಆರು ತಿಂಗಳಿಗೆ ಹುಡುಗಿಯೇ ಬಿಟ್ಟಳಂತೆ. ಎಲ್ಲರಿಗಿಂತ ಹೆಚ್ಚು ಬೇಸರಪಟ್ಟವರು ಆಪಾ. "ಒಳ್ಳೆ ಹುಡ್ಗಿ ಕಣ್ರೀ, ಎಳನೀರು ತರ್ಬೇಕು ಅಂತ ತಲೆ ಓಡ್ತಲ್ಲ ಅವ್ಳಿಗೆ" ಎಂದು ವರ್ಷವಿಡೀ ಹೇಳುತ್ತಿದ್ದರು. ಒಪ್ಪಿಗೆ ಇಲ್ಲ ಅಂದಿದ್ದಿರಲ್ಲ ಎಂದರೆ, "ಈಗ್ಲೂ ಇಲ್ಲ, ಅದಕ್ಕೂ ಇದಕ್ಕೂ ಏನ್ ಸಂಬಂಧ?" ಅನ್ನುತ್ತಿದ್ದರು.

ಮಗ ಆ ಭಾನುವಾರ ಮನೆಗೆ ಬರಲಿಲ್ಲ. ಬಿಡದಿಯಲ್ಲಿ ಯಾರದೋ ರೂಮಿನಲ್ಲಿದ್ದು, ಹನ್ನೊಂದು ದಿನ ಕಳೆದು ಒಗೆಯುವ ಬಟ್ಟೆಯ ಚೀಲದೊಂದಿಗೆ ಬಂದ. ನಾನು ಹೇಳಲೆಂದು ಇಟ್ಟುಕೊಂಡಿದ್ದ ಮಾತೆಲ್ಲ ಅವನನ್ನು ನೋಡಿದ ಕೂಡಲೇ ಹೋಯಿತು, ಅದೊಂದು ಪುಣ್ಯ. ಬಟ್ಟೆ ನೆನೆಹಾಕಿದೆ. ಬೈಕಿನ ಹಾರನ್ನುಗಳು ನಮ್ಮ ಗೇಟಿನ ಮುಂದೆ ಕಡಿಮೆಯಾಗುತ್ತ ಬಂದು ಒಂದು ದಿನ ನಿಂತವು. ಅವನು ಆ ಗುಂಪನ್ನು ಹೇಗೆ ಬಿಟ್ಟ, ಅವರು ಅವನಿಗೆ ಏನಂದರು, ಎಷ್ಟು ಅಂದರು, ನನಗೆ ಗೊತ್ತಿಲ್ಲ. ಒಮ್ಮೆ ತುಟಿ ಒಡೆದುಕೊಂಡು ಬಂದಿದ್ದ. ಬೈಕಿಂದ ಬಿದ್ದೆ ಅಂದ. ಆಪಾರ ಜೊತೆ ಮಾತು ಮೊದಲಿನ ಹಾಗೆ ಆಗಲಿಲ್ಲ. ದಾರಿಯಲ್ಲಿ ಸಿಕ್ಕರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ, ಅಷ್ಟೆ. ಅವರೂ ಏನೂ ಕೇಳುತ್ತಿರಲಿಲ್ಲ.

ನಾಟಕದ ಉಳಿದ ಕಂತುಗಳನ್ನು ನಾನು ಓಡಿಸದೆ ನೋಡಿದೆ. ಕೊನೆಯಲ್ಲಿ ಆ ಮಗ ವಾದ್ಯದಂಗಡಿಗೆ ಬೆಂಕಿ ಹಚ್ಚಿ ಜೈಲಿಗೆ ಹೋಗುತ್ತಾನೆ. ಅಪ್ಪ ಖಾಲಿ ಮೇಜಿನ ಮುಂದೆ ಕೂತಿರುತ್ತಾನೆ. ಮುಗಿದ ಮೇಲೆ ಆಪಾ ಏನೂ ಬರೆಸಲಿಲ್ಲ. "ನಿಮ್ದು ನೀವು ಬರೀರಿ ಇವತ್ತು" ಅಂದರು. ಬಹಳ ಹೊತ್ತು ಯೋಚಿಸಿ ನಾನು ಒಂದೇ ಸಾಲು ಬರೆದೆ. ನಾನೂ ನೋಡಲಿಲ್ಲ, ಎಂದು. ಜನ್ಮದಲ್ಲಿ ನಾನು ಬರೆದ ಪ್ರಾಮಾಣಿಕ ವಿಮರ್ಶೆ ಅದೊಂದೇ ಇರಬಹುದು. ಮಾರನೆಯ ದಿನ ಎಲ್ಲಿಂದಲೋ ಒಬ್ಬರು ಉತ್ತರಿಸಿದ್ದರು. "ಯಾವ ಕಂತು ತಪ್ಪಿದೆ ಹೇಳಿ, ಲಿಂಕ್ ಕಳಿಸುತ್ತೇನೆ." ಓದಿ ಹೇಳಿದಾಗ ಆಪಾ ನಕ್ಕ ನಗೆಗೆ ಬೇಸಿನ್ನಿನ ನೀರು ಮೈಮೇಲೆ ಚೆಲ್ಲಿಕೊಂಡರು.

ಮೂರು ವರ್ಷದ ಹಿಂದೆ ಬೇಸಿನ್ನಿನ ಮುಂದೆ ಕೂರಲು ಮಂಡಿ ಬಿಡಲಿಲ್ಲ. ಶೆಡ್ಡು ಮುಚ್ಚಿ ಮಾಗಡಿಗೆ, ಮಗಳ ಮನೆಗೆ ಹೋದರು. ಹೊರಡುವಾಗ ನನ್ನ ಹೆಂಡತಿಯನ್ನು ತಬ್ಬಿಕೊಂಡರು. ನನಗೆ, "ಪೂರ್ತಿ ನೋಡಿ ಬರೀರಿ" ಅಂದರು. ಬರುತ್ತೇನೆ ಆಪಾ, ತಿಂಗಳಿಗೊಮ್ಮೆ ಬರುತ್ತೇನೆ ಅಂದೆ. ಮೂರು ವರ್ಷದಲ್ಲಿ ಎರಡು ಸಲ ಹೋದೆ. ರಾಮನಗರಕ್ಕೂ ಮಾಗಡಿಗೂ ಇರುವ ದೂರವನ್ನು ನೆವವಾಗಿ ಹೇಳಲು ನನಗೇ ನಾಚಿಕೆ.

ಮಣ್ಣಾದ ಮೂರನೆಯ ದಿನ ನಾನು ಮಗನ ಬೈಕಿನಲ್ಲಿ ಮಾಗಡಿಗೆ ಹೋದೆ. ಆಪಾರ ಮಗಳು ಬಾಗಿಲಲ್ಲೇ ಇದ್ದಳು. ನನಗೆ ಸಲಾಮು ಮಾಡಿ, ಮಗನ ಕಡೆ ತಿರುಗಿ, "ಈ ಭಾನುವಾರನೂ ಹನ್ನೊಂದು ಗಂಟೆಗೆ ಫೋನ್ ಪಕ್ಕದಲ್ಲೇ ಇಟ್ಕೊಂಡು ಮಲ್ಗಿದ್ರು ಕಣೋ. ನಿನ್ ಹತ್ರ ಮಾತಾಡಿದ್ಮೇಲೇ ಗಂಜಿ ಕುಡಿದಿದ್ದು" ಅಂದಳು. ಅವನು ತಲೆ ಆಡಿಸಿ ಒಳಗೆ ಹೋದ. ಆ ಮನೆಯಲ್ಲಿ ಅವನಿಗೆ ನೀರಿನ ಲೋಟ ಎಲ್ಲಿದೆ ಎಂದು ಗೊತ್ತಿತ್ತು. ನಾನು ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇಳಬೇಕಾಯಿತು.

ಪ್ರತಿ ಭಾನುವಾರ ಅವನು ಮಹಡಿಯ ಮೇಲೆ ಹೋಗಿ ಫೋನಿನಲ್ಲಿ ಮಾತಾಡುವುದನ್ನು ನಾನು ನೋಡಿದ್ದೆ. ಯಾವುದೋ ಹುಡುಗಿ ಇರಬೇಕೆಂದು ಖಚಿತವಾಗಿ ತೀರ್ಮಾನಿಸಿ, ಹುಡುಗಿ ಯಾರ ಪೈಕಿಯಾದರೂ ಸರಿ, ನಾನು ಅಡ್ಡಿ ಬರುವುದಿಲ್ಲ ಎಂದು ಹೆಂಡತಿಯ ಮುಂದೆ ಉದಾರವಾಗಿ ಘೋಷಿಸಿಯೂ ಇದ್ದೆ. ಅವಳು ಆಗ ಒಗ್ಗರಣೆ ಹಾಕುತ್ತಿದ್ದಳು, ನನ್ನ ಕಡೆ ತಿರುಗಿರಲಿಲ್ಲ. ಅವಳಿಗೆ ಗೊತ್ತಿದ್ದಿರಬೇಕು.

ವಾಪಸು ಬರುವಾಗ ದಾರಿಯ ಒಂದು ಹೋಟೆಲಿನ ಮುಂದೆ ಅವನು ಬೈಕ್ ನಿಲ್ಲಿಸಿದ. ಇಬ್ಬರೂ ಟೀ ಹಿಡಿದು ನಿಂತೆವು. ತಡೆಯಲಾರದೆ ಕೇಳಿದೆ.

"ಯಾವಾಗಿಂದ ಫೋನ್ ಮಾಡ್ತಿದ್ದೆ?"

"ಅವ್ರು ಮಾಗಡಿಗೆ ಹೋದ ಮೊದಲ್ನೇ ಭಾನುವಾರದಿಂದ."

"ಏನು ಮಾತಾಡ್ತಿದ್ರಿ?"

ಅವನು ಟೀ ಊದಿಕೊಂಡು ಒಂದು ಗುಟುಕು ಕುಡಿದ. "ಮೊದಲ್ನೇ ಸಲ ಸಾರಿ ಕೇಳಣ ಅಂತ ಮಾಡ್ದೆ. ಬಾಯಿ ಬರ್ಲಿಲ್ಲ. ಮಾಗಡೀಲಿ ಮಳೆ ಬಂತಾ ಆಪಾ ಅಂದೆ. ಇಲ್ಲ ಅಂದ್ರು. ಮುಂದಿನ್ ವಾರ ಮತ್ತೆ ಅದೇ ಕೇಳ್ದೆ."

"ಮೂರು ವರ್ಷ ಮಳೆ ವಿಷಯನೇ?"

"ಹೆಚ್ಚುಕಮ್ಮಿ."

"ಸಾರಿ ಕೇಳಲೇ ಇಲ್ವಾ?"

"ಹೋದ ವಾರ ಕೇಳ್ದೆ. ಉಸಿರು ಕಷ್ಟ ಆಗಿತ್ತು ಅವ್ರಿಗೆ."

"ಏನಂದ್ರು?"

ಅವನು ರಸ್ತೆಯ ಕಡೆ ನೋಡುತ್ತಿದ್ದ. ಲೋಟದಲ್ಲಿ ಟೀ ಇನ್ನೂ ಅರ್ಧ ಇತ್ತು.

"'ಗೊತ್ತೈತೆ ಬುಡು, ನಿಮ್ಮ ಕಡೆ ಮಳೆ ಬಂತಾ ಹೇಳು' ಅಂದ್ರು."